ಕಾಲರಕ್ಕನ ಸೈನಿಕ ಕೋಟು

ಬೆಳಗಿನ ಐದೂವರೆ. ನಾಟಕ ಕಂಪನಿಯ ಹಿತ್ತಿಲ ಕಡೆಯ ಹೊಲಿಗೆ ಕೋಣೆಯಲ್ಲಿ ಐವತ್ತೆಂಟರ ಹೆಂಗಸೊಬ್ಬಳು ಸ್ಟೂಲು ಹತ್ತಿ ನಿಂತಿದ್ದಾಳೆ. ಮುಂದೆ ಆರಡಿ ಎತ್ತರದ ನಟ. ಅವನ ಮೈಮೇಲೆ ಇನ್ನೂರು ವರ್ಷ ಹಿಂದಿನ ಮಾದರಿಯ ಸೈನಿಕನ ಕೆಂಪು ಕೋಟು.

"ಉಸಿರು ಬಿಗಿ ಹಿಡೀಬೇಡಪ್ಪ, ನಾನೇನು ಫೋಟೋ ತೆಗೀತಿಲ್ಲ," ಎನ್ನುತ್ತಾಳೆ, ತುಟಿಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ.

ಸಂಜೆಗೆ ಮೊದಲ ಪ್ರದರ್ಶನ. ಬೆಳಗಾಗುವುದರೊಳಗೆ ಕೋಟು ಸರಿಹೋಗದಿದ್ದರೆ ಬಾಡಿಗೆಯದ್ದು ತರಿಸುತ್ತೇನೆ ಎಂದು ನಿರ್ದೇಶಕರು ಕಡ್ಡಿ ಮುರಿದಂತೆ ಹೇಳಿದ್ದಾರೆ. ಅವರೂ ಬಾಗಿಲಲ್ಲೇ ನಿಂತಿದ್ದಾರೆ.

ಕಂಪನಿಯಲ್ಲಿ ಎಲ್ಲರಿಗೂ ಈಕೆ 'ಕಾಲರಕ್ಕ'. ಇಪ್ಪತ್ತೆರಡು ವರ್ಷ ಗಾರ್ಮೆಂಟ್ಸಿನಲ್ಲಿ ದಿನಕ್ಕೆ ಮುನ್ನೂರು ಕಾಲರು ಕೂಡಿಸಿದವಳು. "ಬರೀ ಕಾಲರು ನೋಡಿ. ಒಂದೇ ಒಂದು ಇಡೀ ಅಂಗಿ ಹೊಲಿದೋಳಲ್ಲ!" ಎಂದು ತಾನೇ ನಗುತ್ತಾಳೆ. ಕಾರ್ಖಾನೆ ಮುಚ್ಚಿದಾಗ ಇಲ್ಲಿಗೆ ಇಸ್ತ್ರಿ ಹಾಕಲು ಬಂದಳು. ಹರಿದದ್ದು ಹೊಲಿಯುತ್ತ, ಹಳೆಯದು ಬಿಚ್ಚಿ ನೋಡುತ್ತ ಕಸುಬು ಕಲಿತಳು.

ಈ ಕೋಟು ಮಾತ್ರ ಹನ್ನೊಂದು ವಾರ ನೀರು ಕುಡಿಸಿದೆ. ಮೊದಲು ಮಾದರಿಗೆಂದು ಅಗ್ಗದ ಕೋರಾ ಬಟ್ಟೆಯಲ್ಲಿ ಮೂರು ಸಲ ಹೊಲಿದು ನೋಡಿದಳು. ನಟ ಕತ್ತಿ ಎತ್ತಿದರೆ ಸಾಕು, ಇಡೀ ಕೋಟು ಅವನ ಕಿವಿಗೆ ಏರುತ್ತಿತ್ತು. ಕಂಕುಳಲ್ಲಿ ಸಡಿಲ ಬಿಟ್ಟಳು, ಇನ್ನೂ ಕೆಟ್ಟಿತು. ಮನೆಯಲ್ಲೂ ಅದೇ ಧ್ಯಾನ. "ಅಮ್ಮಾ, ಕೋಟಿಗೂ ಒಂದು ತಟ್ಟೆ ಹಾಕ್ಲಾ?" ಎಂದು ಮಗಳು ರೇಗಿಸಿದಳು.

ಕೊನೆಗೆ ವಸ್ತುಸಂಗ್ರಹಾಲಯಕ್ಕೆ ಹೋಗಿ, ನುಸಿ ತಿಂದ ಅಸಲಿ ಕೋಟಿನ ಮುಂದೆ ಮೂರು ಮಧ್ಯಾಹ್ನ ಕೂತಳು. ನಾಲ್ಕನೆಯ ದಿನ ಅಲ್ಲಿನ ಮೇಲ್ವಿಚಾರಕಿಯೇ ಕನಿಕರಪಟ್ಟು ಗಾಜಿನ ಪೆಟ್ಟಿಗೆ ತೆರೆದರು. ಕಾಲರಕ್ಕ ಟೇಪು ಹಿಡಿದಳು. ತೋಳು ಕೂಡುವ ಸುತ್ತು ಮಕ್ಕಳ ಅಂಗಿಯದರಷ್ಟು ಚಿಕ್ಕದು!

"ನಾನು ಅಗಲ ಮಾಡ್ತಾ ಹೋಗಿದ್ದೆ, ಆ ದರ್ಜಿ ಚಿಕ್ಕದು ಮಾಡಿದ್ದ. ಹೊಲಿಗೆ ಕಂಕುಳಿಗೆ ಒತ್ತಿ ಕೂತ್ರೆ ತೋಳು ಮಾತ್ರ ಏಳುತ್ತೆ, ಕೋಟು ಏಳಲ್ಲ. ಎಂದೋ ಸತ್ತೋನು ನನ್ನ ಕಿವಿ ಹಿಂಡಿ ಪಾಠ ಹೇಳಿದ ನೋಡಿ!"

ಆ ಅಳತೆ ನೋಡಿ ಹೊಸದಾಗಿ ಹೊಲಿದ ಕೋಟಿಗೆ ಈಗ ಪರೀಕ್ಷೆ. ಕೋಟಿನ ಅಂಚು ಮುಟ್ಟುವಲ್ಲಿ ನಟನ ಪ್ಯಾಂಟಿಗೆ ಸೀಮೆಸುಣ್ಣದ ಗೆರೆ ಎಳೆಯುತ್ತಾಳೆ. "ಎತ್ತು."

"ಬಿಗಿ ಇದೆ ಅಕ್ಕಾ, ಹರಿದ್ರೆ?"

"ಹರಿದ್ರೆ ನನ್ನ ಹಣೆಬರಹ. ಎತ್ತೋ ಮಾರಾಯ!"

ಮರದ ಕತ್ತಿ ಸೂರು ಮುಟ್ಟುತ್ತದೆ. ಅಂಚು ಗೆರೆ ಬಿಟ್ಟು ಬೆರಳಗಲವೂ ಸರಿದಿಲ್ಲ. ಬೆನ್ನಲ್ಲಿ ಒಂದು ಸುಕ್ಕಿಲ್ಲ. "ಇನ್ನೊಂದ್ಸಲ!" ಕಾಲರಕ್ಕ ಸ್ಟೂಲಿಂದ ಜಿಗಿದೇಬಿಡುತ್ತಾಳೆ. ನಟ ಬೀಸುತ್ತಾನೆ, ಬಗ್ಗುತ್ತಾನೆ, ಗಿರ್ರನೆ ತಿರುಗುತ್ತಾನೆ. "ಅಕ್ಕಾ, ಮೈಮೇಲೆ ಇದ್ದಂಗೇ ಇಲ್ಲ!" ನಿರ್ದೇಶಕರು ಫೋನು ತೆಗೆದು ಬಾಡಿಗೆ ಕೋಟು ಬೇಡವೆನ್ನುತ್ತಾರೆ.

ಸಂಜೆ ಎಲ್ಲಿರುತ್ತೀರಿ ಎಂದು ಕೇಳಿದರೆ ಕಾಲರಕ್ಕ ನಾಚುತ್ತಾಳೆ. "ಹನ್ನೆರಡು ವರ್ಷದಿಂದ ನಾಟಕ ನೋಡಿರೋದು ಪರದೆ ಸಂದೀಲಿ. ಯಾವಾಗ ಏನು ಬಿಚ್ಚಿಕೊಳ್ಳುತ್ತೋ ಅಂತ ಭಯ. ಇವತ್ತು ಮಗಳ ಜೊತೆ ಮುಂದಿನ ಸಾಲಲ್ಲಿ ಕೂತ್ಕೋತೀನಿ."