ನಮ್ಮ ಸಂಘದ ಮುಖಂಡ

ಪೊಲೀಸ್ ಕಾರ್ಯಾಚರಣೆಯಾಗಿ ನಿಜಾಮರ ಆಳ್ವಿಕೆ ಹೋಗಿ ಒಂದೆರಡು ವರ್ಷವಾಗಿತ್ತು. ಕಲಬುರಗಿಯಲ್ಲಿ ಓದಿದವರು ಮೂರು ಮಂದಿ ಒಂದು ಕಡೆ ಕೂತರೆ ಸಾಕು, ಠಾಣೆಯವರಿಗೆ ಕಳವಳ. ನಾವು ಸರಿಯಾಗಿ ಮೂರೇ ಮಂದಿ ಕೂರುತ್ತಿದ್ದೆವು: ಕಾಲೇಜು ಹುಡುಗನಾದ ನಾನು, ಅರಿವೆ ಅಂಗಡಿಯವರ ಮಗನಾದ ನನ್ನ ಗೆಳೆಯ, ಮತ್ತು ಒಬ್ಬ ಗಣಿತದ ಮಾಸ್ತರು. ಕೋಟೆಯ ಹತ್ತಿರ, ಅದೇ ಅರಿವೆ ಅಂಗಡಿಯ ಮೇಲಿನ ಕೋಣೆ. ವಾರಕ್ಕೊಂದು ಮಧ್ಯಾಹ್ನ. ವಿಷಯ ಸಮಾಜಶಾಸ್ತ್ರ.

ನಮ್ಮಲ್ಲಿದ್ದದ್ದು ಒಂದೇ ದಪ್ಪ ಇಂಗ್ಲಿಷ್ ಪುಸ್ತಕ. ಅದರ ಮೊದಲ ನಲವತ್ತು ಪುಟಗಳನ್ನು ಗೆದ್ದಲು ತಿಂದಿತ್ತು. ಸಮಾಜ ಎಂದರೇನು ಎಂಬುದು ಆ ಪುಟಗಳಲ್ಲೇ ಇತ್ತೆಂದು ಕಾಣುತ್ತದೆ. ಯಾಕೆಂದರೆ ನಲವತ್ತೊಂದನೆಯ ಪುಟ ‘ಇಷ್ಟು ಸ್ಪಷ್ಟವಾದ ಮೇಲೆ’ ಎಂದೇ ಶುರುವಾಗುತ್ತಿತ್ತು. ನಮಗೆ ಕೊನೆಯವರೆಗೂ ಸ್ಪಷ್ಟವಾಗಲಿಲ್ಲ.

ಸಂಘಕ್ಕೆ ಇದ್ದದ್ದೂ ಒಂದೇ ನಿಯಮ. ಮುಖಂಡ ಇರಕೂಡದು. “ಒಬ್ಬಾಂವ ಮ್ಯಾಲ ಕುಂತ ಅಂದ್ರ ಅಲ್ಲಿಗೆ ಎಲ್ಲಾ ಕೆಡ್ತದ” ಎಂದು ಮಾಸ್ತರು ಮೊದಲ ದಿನವೇ ಹೇಳಿಬಿಟ್ಟಿದ್ದರು. ಹಾಗಾಗಿ ಮೂವರೂ ಸಮಾನವಾಗಿ, ಒಟ್ಟಿಗೇ, ಗಂಟಲು ಹರಿಯುವಂತೆ ಮಾತಾಡುತ್ತಿದ್ದೆವು. ಕೆಳಗೆ ಸೀರೆ ಕೊಳ್ಳಲು ಬಂದ ಹೆಂಗಸರು ಮೇಲೆ ಜಗಳ ಹತ್ತಿದೆ ಎಂದುಕೊಂಡು ಕೊಳ್ಳದೆ ಹೋದದ್ದೂ ಉಂಟು.

ಮೂರನೆಯ ವಾರ ನಾಲ್ಕನೆಯವನೊಬ್ಬ ಬಂದ. ಮೂವತ್ತೈದರ ಆಸುಪಾಸಿನ ಮನುಷ್ಯ. ಧೋತರ, ಅಂಗಿ, ತಲೆಗೆ ರುಮಾಲು, ಕಾಲಲ್ಲಿ ಮಾತ್ರ ಪೊಲೀಸ್ ಬೂಟು.

“ನಾನೂ ಸಮಾಜ ಕಲೀಬೇಕಂತ ಬಂದೀನ್ರಿ” ಎಂದ. ನಾವು ಮೂವರೂ ಬೂಟು ನೋಡಿದೆವು. ಅವನೂ ನೋಡಿಕೊಂಡ.

“ಇದೊಂದು ಬಿಟ್ಟು ಬರಬೇಕಿತ್ತು ನೋಡ್ರಿ” ಎಂದು ತಾನೇ ಒಪ್ಪಿಕೊಂಡು ಬಾಗಿಲಲ್ಲಿ ಕಳಚಿಟ್ಟ. “ನೀವು ಏನ್ ಮಾತಾಡ್ತೀರಿ ಬರಕೊಂಡು ಬಾ ಅಂತ ಅಮೀನ ಸಾಹೇಬ್ರ ಹುಕುಂ ಆಗ್ಯಾದ. ನಿಮ್ಮ ಪಾಡಿಗೆ ನೀವು ಮಾತಾಡ್ರಿ.”

ಅಮೀನ ಸಾಹೇಬರೆಂದರೆ ಠಾಣೆಯ ಅಧಿಕಾರಿ. ಗೆಳೆಯ ಏನೂ ತೋಚದೆ ಚಹಾ ಕೊಟ್ಟ. ಆ ಪೊಲೀಸ್ ಜವಾನ ಚಹಾ ಕುಡಿದು, ಮೊಣಕಾಲ ಮೇಲೆ ಕಾಗದ ಇಟ್ಟುಕೊಂಡು ಉರ್ದುವಿನಲ್ಲಿ ಬರೆಯಲು ಕೂತ. ಎರಡು ನಿಮಿಷಕ್ಕೇ ಸೀಸದಕಡ್ಡಿ ಎತ್ತಿ ಹಿಡಿದ.

“ಒಬ್ಬೊಬ್ರೇ ಮಾತಾಡ್ರಿ. ನನಗ ಬರಿಯೋ ಕೈ ಒಂದೇ ಅದ.”

ಒಬ್ಬ ಮಾತಾಡುವಾಗ ಉಳಿದಿಬ್ಬರು ಕೇಳುವುದು ನಮ್ಮ ಸಂಘದಲ್ಲಿ ಅಂದೇ ಮೊದಲು. ಬರಬರುತ್ತ ಅವನು “ಸಾಕ್ರಿ, ಇದು ಹೋದ ವಾರ ಆಗ್ಯಾದ, ಮುಂದಿಂದು ಹೇಳ್ರಿ” ಎನ್ನತೊಡಗಿದ. ಪ್ರತಿ ವಾರ ಶುರುವಾಗುವುದೇ ಅವನು ಹಿಂದಿನ ವಾರದ ವರದಿ ಓದುವುದರಿಂದ. ಒಂದು ವರದಿ ನನಗೆ ಇಂದಿಗೂ ಬಾಯಿಪಾಠ: ‘ಮೂವರೂ ಸಮಾಜವನ್ನು ಹುಡುಕುತ್ತಿದ್ದಾರೆ. ಇನ್ನೂ ಸಿಕ್ಕಿಲ್ಲ. ಸಿಕ್ಕ ಕೂಡಲೇ ಹುಜೂರಿಗೆ ತಿಳಿಸುತ್ತೇನೆ.’

ಒಂದು ವಾರ ಅವನು ಚಹಾ ಮುಟ್ಟಲಿಲ್ಲ.

“ನನ್ನ ಹೇಣ್ತಿ ಕಮಲಾಪುರದಾಗ ಅದಾಳ್ರಿ, ಏಳು ತಿಂಗಳ ಬಸರಿ. ಹತ್ತು ವರ್ಷಕ್ಕ ಮೊದಲನೇ ಕೂಸು. ಅಲ್ಲಿಗೆ ಬದಲಿ ಮಾಡ್ರಿ ಅಂತ ಕೇಳ್ದೆ. ಮೊದಲ ಆ ಸಂಘದ ಮುಖಂಡನ ಹೆಸರು ತಾ ಅಂತಾರ ಸಾಹೇಬ್ರು.”

“ನಮ್ಮಲ್ಲಿ ಮುಖಂಡನೇ ಇಲ್ಲಲ್ಲೋ ಮಾರಾಯ!” ಎಂದರು ಮಾಸ್ತರು.

“ಅದೂ ಬರದು ಕೊಟ್ಟೀನ್ರಿ. ಮುಖಂಡ ಇಲ್ಲದ ಸಂಘ ಇನ್ನೂ ಖತರನಾಕ್ ಅಂತಾರ.”

ಮುಖಂಡನೊಬ್ಬ ಬೇಕಾಯಿತು. ಮಾಸ್ತರು ತಾವು ಸರ್ಕಾರಿ ನೌಕರರು ಎಂದರು. ನಾನು ಪರೀಕ್ಷೆ ಹತ್ತಿರ ಬಂತು ಎಂದೆ. ಗೆಳೆಯ “ನಮ್ಮಪ್ಪ ನನ್ನ ಜೀವಸಹಿತ ಬಿಡಾಂಗಿಲ್ಲ” ಎಂದ. ಆಮೇಲೆ ನಾಚಿಕೆಯಿಲ್ಲದೆ, ಸಮಾಜದಲ್ಲಿ ಮುಖಂಡ ಹೇಗೆ ಹುಟ್ಟುತ್ತಾನೆ ಎಂದು ನಾಲ್ಕು ವಾರ ಚರ್ಚೆ ಮಾಡಿದೆವು. ಅವನು ಅದನ್ನೂ ತಲೆ ಬಗ್ಗಿಸಿ ಬರೆದುಕೊಂಡ. ಏಳು ತಿಂಗಳು ಎಂಟಾಯಿತು. ಮನುಕುಲದ ಬಗ್ಗೆ ಅಷ್ಟೆಲ್ಲ ಮಾತಾಡುತ್ತಿದ್ದ ನಾವು ಮೂವರು ಆ ಒಬ್ಬ ಮನುಷ್ಯನಿಗೆ ಒಂದು ಹೆಸರು ಕೊಡಲಿಲ್ಲ. ನೆನೆದರೆ ನನಗೆ ಈಗಲೂ ಮುಖ ಬಿಸಿಯಾಗುತ್ತದೆ.

ಕೊನೆಗೆ ಮಾಸ್ತರೇ ಒಂದು ಉಪಾಯ ತೆಗೆದರು. “ಶಾಸ್ತ್ರೀಯವಾಗಿ ನೋಡೂಣು. ಹಳೇ ವರದಿ ಎಲ್ಲಾ ಓದು. ಯಾರು ಶುರು ಮಾಡ್ಯಾರ, ಯಾರು ನಿಲ್ಲಿಸ್ಯಾರ, ಯಾರ ಮಾತು ಉಳದವರು ಕೇಳ್ಯಾರ? ಅಂವನೇ ಮುಖಂಡ.”

ಅವನು ಓದತೊಡಗಿದ. ‘ಸುಮ್ಮನಿರಿ ಎಂದು ನಾನು ಹೇಳಿದೆ, ಸುಮ್ಮನಾದರು.’ ‘ಮಾಸ್ತರರ ಸರದಿ ಎಂದು ನಾನು ಹೇಳಿದೆ.’ ‘ಇಂದಿಗೆ ಇಷ್ಟು ಸಾಕು ಎಂದೆ, ಎಲ್ಲರೂ ಎದ್ದರು.’ ಓದುತ್ತ ಓದುತ್ತ ಅವನ ದನಿ ಸಣ್ಣದಾಯಿತು.

“ಎಲ್ಲಾ ಕಡಿ ನಾನೇ ಅದೀನಲ್ರಿ?”

ಮಾಸ್ತರು ಶಾಸ್ತ್ರ ಗೆದ್ದ ಖುಷಿಗೆ ತೊಡೆ ತಟ್ಟಿಕೊಂಡರು. ಅವನು ಕಾಗದ ಮಡಚಿ, ಬೂಟು ಮೆಟ್ಟಿ, ಮೆಟ್ಟಿಲಿಳಿದ. ಬರೆಯಲಾರ ಎಂದುಕೊಂಡಿದ್ದೆವು. ಪುಣ್ಯಾತ್ಮ ಬರೆದೇಬಿಟ್ಟಿದ್ದ, ಮುಖಂಡನೆಂದು ತನ್ನದೇ ಹೆಸರು, ಬಿಲ್ಲೆ ನಂಬರಿನ ಸಮೇತ.

ಮರುವಾರ ಎರಡೆರಡು ಮೆಟ್ಟಿಲು ಹಾರುತ್ತ ಬಂದ. “ಇನ್ನೊಂದು ವಾರ ಅವರ ಸಂಗಡ ಕುಂತ್ರ ನಿನ್ನ ತಲಿ ಪೂರಾ ಕೆಡ್ತದ, ನಡಿ ಕಮಲಾಪುರಕ್ಕ ಅಂದ್ರು ಸಾಹೇಬ್ರು!” ನಾವು ಕುಣಿದದ್ದಕ್ಕೆ ಕೆಳಗಿನ ಅಂಗಡಿಯಲ್ಲಿ ಮಣ್ಣುದುರಿತಂತೆ.

ಅವನ ಜಾಗಕ್ಕೆ ಬಂದವನು ಗೋಡೆಗೊರಗಿ ಗೊರಕೆ ಹೊಡೆಯುತ್ತಿದ್ದ. ನಾವು ಮತ್ತೆ ಮೂವರೂ ಒಟ್ಟಿಗೇ ಕಿರುಚತೊಡಗಿದೆವು. ಯಾರ ಮಾತೂ ಯಾರಿಗೂ ಕೇಳಿಸದು. ಎರಡು ತಿಂಗಳಲ್ಲಿ ಬೇಸರ ಬಂತು. ಅವನಿಲ್ಲದೆ ನನಗಂತೂ ಆ ಕೋಣೆ ಭಣಭಣ ಅನ್ನಿಸುತ್ತಿತ್ತು.

ಒಂದು ಸಂತೆಯ ದಿನ ಗೆದ್ದಲು ತಿಂದ ಪುಸ್ತಕ ಕಟ್ಟಿಕೊಂಡು ಕಮಲಾಪುರದ ಬಸ್ಸು ಹತ್ತಿದೆವು. ಅವನು ಮನೆಯ ಕಟ್ಟೆಯ ಮೇಲೆ ಹೆಣ್ಣುಕೂಸನ್ನು ತೊಡೆಯಲ್ಲಿಟ್ಟುಕೊಂಡು ಕೂತಿದ್ದ. ನಮ್ಮನ್ನು ಕಂಡು ಮುಖ ಅರಳಿತು. ಅವನ ಹೆಂಡತಿ ಒಳಗಿನಿಂದ ಕೆಂಪು ಬಾಳೆಹಣ್ಣು ತಂದುಕೊಟ್ಟಳು.

“ಸಮಾಜ ಸಿಕ್ತೇನ್ರಿ?” ಎಂದು ಕೇಳಿದ.

ಮೂವರೂ ಒಟ್ಟಿಗೇ ಬಾಯಿ ತೆರೆದೆವು. ಅವನು ಹಳೆಯ ಅಭ್ಯಾಸದಂತೆ ಕೈ ಎತ್ತಿದ.

“ಒಬ್ಬೊಬ್ರೇ ಮಾತಾಡ್ರಿ. ಕೂಸು ಮಲಗ್ಯಾದ.”

ಮಾಸ್ತರು ಪಿಸುದನಿಯಲ್ಲಿ ಶುರುಮಾಡಿದರು. ನಾವಿಬ್ಬರೂ ಸುಮ್ಮನೆ ಕೂತು ಕೇಳಿದೆವು.