ಟೈಲರಣ್ಣನ ಅಳತೆ

ಮೂವತ್ತು ವರ್ಷ ಟೈಲರಣ್ಣ ಬಟ್ಟೆ ಹೊಲಿದದ್ದು ಮೆಟ್ಟಿಲ ಕೆಳಗಿನ ಗೂಡಿನಂಥ ಅಂಗಡಿಯಲ್ಲಿ. ತಲೆ ಎತ್ತಿದರೆ ಮೆಟ್ಟಿಲಿಗೆ ಬಡಿಯುತ್ತಿತ್ತು. ಹಾಗಾಗಿ ಬಗ್ಗಿಕೊಂಡೇ ಕತ್ತರಿಸುತ್ತಿದ್ದ. “ಒಂದಿನ ನೆಟ್ಟಗೆ ನಿಂತು ಕೆಲಸ ಮಾಡ್ತೀನಿ, ನೋಡ್ತಿರು” ಎಂದು ಹೆಂಡತಿಗೆ ಹೇಳಿ ಹೇಳಿ, ಕೊನೆಗೂ ಮನೆಯ ಹಿಂದೆ ಎತ್ತರದ ಸೂರಿನ ಹೊಸ ಅಂಗಡಿ ಕಟ್ಟಿಸಿದ.

ಸುಣ್ಣಬಣ್ಣ ಮುಗಿದ ಬೆಳಿಗ್ಗೆ ಬಡಗಿ ಬಟ್ಟೆ ಕತ್ತರಿಸುವ ಮೇಜನ್ನು ತಂದಿಳಿಸಿದ. ಟೈಲರಣ್ಣ ಕೊರಳಿನ ಟೇಪು ಸರಿಮಾಡಿಕೊಂಡು ಅದರ ಮುಂದೆ ನಿಂತ. ಸೊಂಟಕ್ಕೆ ಬರಬೇಕಾದ ಹಲಗೆ ಎದೆಗೆ ಬಂದಿತ್ತು.

“ಏನಯ್ಯಾ ಇದು! ಮೇಜು ಮಾಡು ಅಂದ್ರೆ ಅಟ್ಟ ಮಾಡಿದ್ದೀಯಲ್ಲ!”

“ನೀನು ಕೊಟ್ಟ ಅಳತೇನೇ, ಟೈಲರಣ್ಣ. ಬೇಕಾದ್ರೆ ಟೇಪು ಹಿಡಿ.”

ಹಿಡಿದ. ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಊರಿಗೆಲ್ಲ ಅಳತೆ ತೆಗೆದವನು ತನ್ನ ಅಳತೆ ತೆಗೆದುಕೊಂಡಿದ್ದು ಮದುವೆಯ ಪ್ಯಾಂಟು ಹೊಲಿಯುವಾಗ ಮಾತ್ರ. ಸೊಂಟದ ಎತ್ತರ ಎಂದು ಬಡಗಿಗೂ ಆ ಪ್ಯಾಂಟಿನ ಉದ್ದವನ್ನೇ ಹೇಳಿದ್ದ.

“ಸ್ವಲ್ಪ ನೆಟ್ಟಗೆ ನಿಂತ್ಕೊಳ್ಳಿ, ಸರಿಹೋಗುತ್ತೆ” ಎಂದಳು ಬಾಗಿಲಲ್ಲಿ ನಿಂತಿದ್ದ ಹೆಂಡತಿ.

“ನೆಟ್ಟಗೇ ನಿಂತಿದ್ದೀನಲ್ಲೇ!”

ಬಡಗಿಯ ಮುಖದ ನಗು ತಟ್ಟನೆ ಮಾಯವಾಯಿತು. ಹೆಂಡತಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅವರಿಬ್ಬರ ಮುಖ ಕಂಡ ಟೈಲರಣ್ಣ ಸೊಂಟಕ್ಕೆ ಕೈ ಕೊಟ್ಟು, ಹಲ್ಲು ಕಚ್ಚಿ, ಇನ್ನೂ ಮೇಲಕ್ಕೇಳಲು ನೋಡಿದ. ಬೆನ್ನು ನೆಟ್ಟಗಾಗಲಿಲ್ಲ. ಅವನ ತಲೆಯಿಂದ ಸೂರಿನವರೆಗೆ ಬರೀ ಖಾಲಿ ಜಾಗವಿತ್ತು.

“ಮೇಜಿನ ಕಾಲು ಎಷ್ಟು ಕೊಯ್ಯಲಿ?” ಬಡಗಿ ಮೆಲ್ಲಗೆ ಕೇಳಿದ.

ಟೈಲರಣ್ಣ ಕೊರಳಿನ ಟೇಪು ತೆಗೆದು ಹೆಂಡತಿಯ ಕೈಗಿಟ್ಟ.

“ನಾನು ಈಗ ಎಷ್ಟಿದ್ದೀನಿ ಅಂತ ನೀನೇ ಅಳೆದು ಹೇಳು.”