ಅಪ್ಪನ ಎಡಗಾಲು, ಜಲಜಳ ಕೈ

ಕೈಗುಣ ಎಂಬ ಮಾತು ಕೇಳಿದರೆ ಆಗ ನನಗೆ ಮೈಯೆಲ್ಲ ಉರಿಯುತ್ತಿತ್ತು. ಮದ್ದು ಒಂದೇ, ಸೂಜಿ ಒಂದೇ, ಚುಚ್ಚುವ ಜಾಗವೂ ಒಂದೇ. ಮತ್ತೆ ಕೈಯಲ್ಲಿ ಎಂಥ ಗುಣ, ಮಣ್ಣು! ಮೂವತ್ತು ವರ್ಷ ನರ್ಸ್ ಆಗಿ ದುಡಿದವಳು ನಾನು. ದೆವ್ವ, ದೃಷ್ಟಿ, ತಾಯಿತ ಯಾವುದನ್ನೂ ನಂಬಿದವಳಲ್ಲ. ಈಗ ನಂಬುತ್ತೇನೆ ಎಂದೂ ಹೇಳಲಾರೆ. ಆದರೆ ಒಂದು ಮಧ್ಯಾಹ್ನ ನಡೆದ ಸಂಗತಿ ಮಾತ್ರ ಇಷ್ಟು ವರ್ಷವಾದರೂ ನನ್ನ ಬುದ್ಧಿಗೆ ಸಿಗುತ್ತಿಲ್ಲ. ಅದನ್ನು ಹೇಳಬೇಕಾದರೆ ನನ್ನ ಹೊಟ್ಟೆಕಿಚ್ಚನ್ನೂ ಹೇಳಬೇಕಾಗುತ್ತದೆ. ಮುಚ್ಚಿಟ್ಟು ಏನು ಪ್ರಯೋಜನ, ಹೇಳಿಬಿಡುತ್ತೇನೆ.

ಎಪ್ಪತ್ತರ ದಶಕದ ಕೊನೆ. ಉಡುಪಿಯ ಕಡಿಯಾಳಿಯಲ್ಲಿ ಹತ್ತು ಹನ್ನೆರಡು ಮಂಚಗಳ ಒಂದು ಸಣ್ಣ ಆಸ್ಪತ್ರೆ. ನಾನು ಅಲ್ಲಿ ಹಿರಿಯ ನರ್ಸ್. ನನ್ನ ಕೈಕೆಳಗೆ ಬಂದವಳು ಜಲಜ, ಕಾಪುವಿನವಳು. ಅವಳ ತಾಯಿ ಬುಟ್ಟಿ ಹೊತ್ತು ಮನೆಮನೆಗೆ ಮೀನು ಮಾರುತ್ತಿದ್ದವರು. ಅವಳಿಗೆ ಸಿರಿಂಜ್ ಹಿಡಿಯಲು ಕಲಿಸಿದವಳೇ ನಾನು. ಆರು ತಿಂಗಳಾಗುವುದರೊಳಗೆ ರೋಗಿಗಳೆಲ್ಲ "ಜಲಜಕ್ಕನೇ ಬರಲಿ, ಅವರ ಕೈಗುಣ ಒಳ್ಳೆಯದುಂಟು" ಎನ್ನತೊಡಗಿದರು. ನಾನು ನಗುತ್ತಿದ್ದೆ. ಆ ನಗು ತಂದುಕೊಳ್ಳಲು ಎಷ್ಟು ಕಷ್ಟವಾಗುತ್ತಿತ್ತೆಂದು ನನಗೇ ಗೊತ್ತು.

ಅಷ್ಟರಲ್ಲಿ ನನ್ನ ಅಪ್ಪನನ್ನೂ ಅಲ್ಲಿಗೇ ತಂದು ಸೇರಿಸಬೇಕಾಯಿತು. ಅಪ್ಪ ಕಾರ್ಕಳದಿಂದ ಉಡುಪಿಗೆ ಬಸ್ಸು ಓಡಿಸುತ್ತಿದ್ದವರು. ಜೀವಮಾನವಿಡೀ ಕ್ಲಚ್ ತುಳಿದ ಎಡಗಾಲೇ ಕೊನೆಗೆ ಕೈಕೊಟ್ಟಿತು. ಸಕ್ಕರೆ ಕಾಯಿಲೆ ಹಳೆಯದು. ಬೆಳಿಗ್ಗೆ ಅವರ ಮೂತ್ರದ ನಾಲ್ಕು ಹನಿಯನ್ನು ನೀಲಿ ದ್ರಾವಣಕ್ಕೆ ಹಾಕಿ ಸ್ಪಿರಿಟ್ ದೀಪದಲ್ಲಿ ಕುದಿಸಿದರೆ ಇಟ್ಟಿಗೆ ಬಣ್ಣಕ್ಕೆ ತಿರುಗುತ್ತಿತ್ತು, ಅಂದರೆ ಸಕ್ಕರೆ ವಿಪರೀತ. ಪಾದಕ್ಕೆ ಪಿನ್ನು ಚುಚ್ಚಿದರೆ ಅವರಿಗೆ ಗೊತ್ತಾಗುತ್ತಿರಲಿಲ್ಲ, ಆದರೆ ಒಳಗಿನಿಂದ ಕೆಂಡ ತುಳಿದ ಹಾಗೆ ಉರಿ. ಹೊದಿಕೆ ತಾಗಿದರೂ ಚೀರುತ್ತಿದ್ದರು. ಬೇರೆಯವರನ್ನು ಹತ್ತು ನಿಮಿಷದಲ್ಲಿ ಮಲಗಿಸುವ ನೋವಿನ ಇಂಜೆಕ್ಷನ್ ಅಪ್ಪನಿಗೆ ಏನೂ ಮಾಡುತ್ತಿರಲಿಲ್ಲ.

"ಸಕ್ಕರೆಯವರದ್ದು ಹೀಗೆಯೇ ಸಿಸ್ಟರ್," ಎಂದರು ಡಾಕ್ಟರು. "ನರವೇ ಹಾಳಾಗಿರುತ್ತದೆ. ಎಲ್ಲರಿಗೆ ಹಿಡಿದ ಹಾಗೆ ಮದ್ದು ಇವರಿಗೆ ಹಿಡಿಯುವುದಿಲ್ಲ. ಡೋಸ್ ಜಾಸ್ತಿ ಮಾಡುವ ಹಾಗೂ ಇಲ್ಲ, ಕಿಡ್ನಿ ನೋಡಬೇಕಲ್ವಾ? ಒಮ್ಮೆ ಮಣಿಪಾಲದಲ್ಲಿ ತೋರಿಸಿ." ಕಾಲು ತೆಗೆದುಬಿಟ್ಟಾರೆಂಬ ಹೆದರಿಕೆಯಿಂದ ಅಪ್ಪ ಮಣಿಪಾಲಕ್ಕೆ ಒಪ್ಪಲಿಲ್ಲ.

ಡಾಕ್ಟರು ಹೇಳಿದ್ದನ್ನು ನಾನು ಒಪ್ಪಿದೆ. ಆದರೆ ಅದೇ ಮದ್ದನ್ನು ಜಲಜ ಕೊಟ್ಟರೆ ಹಿಡಿಯುತ್ತಿತ್ತು! ಬೆಳಿಗ್ಗೆ ನಾನು ಕೊಟ್ಟರೆ ಊಟದ ಹೊತ್ತಿನವರೆಗೂ ನರಳಾಟ. ಮಧ್ಯಾಹ್ನ ಅವಳು ಕೊಟ್ಟರೆ ಗೊರಕೆ. ಸಾಲದ್ದಕ್ಕೆ ಅಪ್ಪ ಅವಳನ್ನು "ಮಗಾ" ಎಂದು ಕರೆಯತೊಡಗಿದರು. ನಾನು ಹತ್ತಿರ ಬಂದರೆ "ಬಂದರು ನೋಡಿ ಸಿಸ್ಟರಮ್ಮ" ಎಂದು ತಮಾಷೆ. ಒಂದು ದಿನ ಸಿರಿಂಜ್ ಹಿಡಿದು ನಿಂತ ನನ್ನನ್ನು ನೋಡಿ, "ಜಲಜ ಇಲ್ವಾ? ಅವಳು ಬರುವವರೆಗೆ ತಡೆದುಕೊಳ್ಳುತ್ತೇನೆ" ಎಂದರು. ಸ್ವಂತ ಮಗಳು ನಾನು. ಅಮ್ಮ ಹೋದ ಮೇಲೆ ಮದುವೆಯ ಮಾತನ್ನೇ ಬಿಟ್ಟು ಅವರಿಗೆ ಗಂಜಿ ಬೇಯಿಸಿ ಹಾಕಿದವಳು ನಾನು. ಅಪ್ಪನ ನೋವು ಇಳಿಯಬೇಕು, ಅದೂ ನನ್ನ ಕೈಯಿಂದಲೇ ಇಳಿಯಬೇಕು ಎಂಬುದು ನನ್ನ ಹಟವಾಯಿತು. ಬರಬರುತ್ತಾ ಎರಡನೆಯದೇ ದೊಡ್ಡದಾಗಿಬಿಟ್ಟಿತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಮರುದಿನ ಮಧ್ಯಾಹ್ನ ಆ ಕೆಲಸ ಮಾಡಿದೆ. ನಮ್ಮಲ್ಲಿ ಒಂದು ಕಟ್ಟುನಿಟ್ಟಿನ ನಿಯಮ ಉಂಟು: ಇನ್ನೊಬ್ಬರು ತುಂಬಿಸಿಟ್ಟ ಸಿರಿಂಜನ್ನು ಎತ್ತಿ ಚುಚ್ಚಬಾರದು. ತಾನೇ ಮದ್ದಿನ ಹೆಸರು ಓದಬೇಕು, ತಾನೇ ಗಾಜಿನ ಆಂಪೂಲ್ ಒಡೆಯಬೇಕು, ತಾನೇ ತುಂಬಿಸಬೇಕು. ಜಲಜಳಿಗೆ ಮೊದಲ ದಿನವೇ ನಾನು ಹೇಳಿಕೊಟ್ಟ ಪಾಠ ಅದು. ಆ ದಿನ ನಾನೇ ಕುದಿಸಿದ ಗಾಜಿನ ಸಿರಿಂಜಿಗೆ ಬರೀ ಡಿಸ್ಟಿಲ್ಡ್ ವಾಟರ್ ತುಂಬಿಸಿ ಟ್ರೇಯಲ್ಲಿಟ್ಟು, "ಅಪ್ಪನದ್ದು ರೆಡಿ ಉಂಟು ಮಾರಾಯ್ತಿ, ಬೇಗ ಕೊಟ್ಟು ಬಾ" ಎಂದೆ. ಅವಳು ಒಂದು ಗಳಿಗೆ ಸಿರಿಂಜನ್ನು ನೋಡಿದಳು, ಮತ್ತೆ ನನ್ನ ಮುಖ ನೋಡಿದಳು. "ಆಯ್ತಕ್ಕ" ಎಂದು ಟ್ರೇ ಎತ್ತಿಕೊಂಡಳು.

ಅಪ್ಪ ಜ್ವರದ ಮಂಪರಿನಲ್ಲಿ ಗೋಡೆಯ ಕಡೆ ತಿರುಗಿ ಮಲಗಿದ್ದರು. ಬಂದವರು ಯಾರೆಂದು ಗೊತ್ತಾದರೆ ಬರೀ ನಂಬಿಕೆಯಿಂದಲೇ ಮಲಗಿಬಿಟ್ಟಾರೆಂದು, ನಾನೂ ಹಿಂದೆಯೇ ಹೋಗಿ, ಮಾತಾಡಬೇಡ ಎಂದು ಜಲಜಳಿಗೆ ಸನ್ನೆ ಮಾಡಿದೆ. ಅವಳು ಸದ್ದಿಲ್ಲದೆ ಚುಚ್ಚಿದಳು, ಹತ್ತಿ ಒತ್ತಿದಳು. ಹೊರಡುವ ಮೊದಲು ಅಪ್ಪನ ಎಡಪಾದದ ಮೇಲೆ ಒಂದು ನಿಮಿಷ ಅಂಗೈ ಇಟ್ಟಳು. ಹೊದಿಕೆ ತಾಗಿದರೆ ಚೀರುವ ಕಾಲು ಅದು. ಅಪ್ಪ ಹುಂ ಎನ್ನಲೂ ಇಲ್ಲ.

ನಾನು ಬಾಗಿಲಲ್ಲಿ ಕಾದು ನಿಂತೆ. ನಿಜವಾದ ಮದ್ದು ನನ್ನ ಕಿಸೆಯಲ್ಲಿತ್ತು. ಅಪ್ಪ ನರಳಬೇಕು, ಕೂಡಲೇ ನಾನು ಹೋಗಿ ಕೊಡಬೇಕು, ಜಲಜಳ ಕೈಗುಣದ ಬಂಡವಾಳ ಎಲ್ಲರಿಗೂ ಗೊತ್ತಾಗಬೇಕು. ಹೆತ್ತ ಅಪ್ಪ ನರಳಲಿ ಎಂದು ಬಾಗಿಲಲ್ಲಿ ನಿಂತು ಕಾದೆನಲ್ಲ, ಥೂ, ಅಂಥ ಬುದ್ಧಿ ಶತ್ರುವಿಗೂ ಬೇಡ. ಅಪ್ಪ ನರಳಲಿಲ್ಲ. ಹತ್ತು ನಿಮಿಷದಲ್ಲಿ ಗೊರಕೆ ಶುರುವಾಯಿತು. ಸಕ್ಕರೆ ಇಳಿದು ಪ್ರಜ್ಞೆ ತಪ್ಪಿತೋ ಎಂದು ಹೆದರಿ ನಾಡಿ ಹಿಡಿದೆ, ಹಣೆ ಮುಟ್ಟಿ ಬೆವರು ನೋಡಿದೆ, ಕರೆದರೆ ಓಗೊಟ್ಟು ಮತ್ತೆ ಮಲಗಿದರು. ಸಂಜೆ ದೀಪ ಹಾಕುವವರೆಗೆ ಅವರಿಗೆ ನಿದ್ದೆ.

ಅಷ್ಟೇ ಆಗಿದ್ದರೆ ಏನೋ ಒಂದು ಕಾಕತಾಳೀಯ ಎಂದು ಬಿಟ್ಟುಬಿಡುತ್ತಿದ್ದೆ. ಡ್ಯೂಟಿ ಮುಗಿಸಿ ಹೊರಟ ಜಲಜ ಕುಂಟುತ್ತಿದ್ದಳು. ಎಡಗಾಲಿನ ಚಪ್ಪಲಿ ಅವಳ ಕೈಯಲ್ಲಿತ್ತು.

"ಎಂತಾಯ್ತು?" ಎಂದೆ.

"ಗೊತ್ತಿಲ್ಲಕ್ಕ. ಮಧ್ಯಾಹ್ನದಿಂದ ಈ ಪಾದ ಒಂದೇ ಸಮನೆ ಉರಿಯುತ್ತಾ ಉಂಟು. ಚಪ್ಪಲಿ ತಾಗಿದರೂ ಆಗುವುದಿಲ್ಲ."

ಕೂರಿಸಿ ನೋಡಿದೆ. ಮುಳ್ಳಿಲ್ಲ, ಗಾಯವಿಲ್ಲ, ಬಾವೂ ಇಲ್ಲ. ಮರುದಿನ ಸರಿಯಾಗಿಯೇ ನಡೆದುಕೊಂಡು ಬಂದಳು. ನಾನು ಮಾಡಿದ್ದನ್ನು ಯಾರಿಗೂ ಹೇಳಲಿಲ್ಲ. ಅಪ್ಪ ಮುಂದಿನ ಮಳೆಗಾಲದಲ್ಲಿ ಹೋದರು. ಕೊನೆಯ ದಿನ ನಾನು ಬಾಯಿಗೆ ನೀರು ಬಿಡುವಾಗ "ಮಗಾ" ಎಂದರು. ನನ್ನನ್ನೇ ಕರೆದದ್ದೋ, ಜಲಜ ಬಂದಳೆಂದು ತಿಳಿದು ಕರೆದದ್ದೋ, ಗೊತ್ತಿಲ್ಲ.

ಏಳೆಂಟು ವರ್ಷ ಕಳೆಯಿತು. ಜಲಜ ಮದುವೆಯಾಗಿ ಕೆಲಸ ಬಿಟ್ಟು ಕಾಪುವಿನಲ್ಲೇ ಇದ್ದಳು. ಅಪ್ಪನ ಕಾಯಿಲೆ ನನಗೂ ಬಂದಿತ್ತು. ಬನ್ನಂಜೆಯ ಮನೆಯಲ್ಲಿ ಕಾಲುರಿಯಿಂದ ಒಂದು ವಾರ ಮಲಗಿದ್ದೆ. ಯಾವ ಮದ್ದೂ ಹಿಡಿಯುತ್ತಿರಲಿಲ್ಲ. ಸುದ್ದಿ ಕೇಳಿ ಅವಳು ನೋಡಲು ಬಂದಾಗ ಡಾಕ್ಟರು ಬರೆದುಕೊಟ್ಟ ಇಂಜೆಕ್ಷನನ್ನು ನಾನೇ ಸಿರಿಂಜಿಗೆ ತುಂಬಿಸಿ ಇಟ್ಟುಕೊಂಡಿದ್ದೆ.

"ಹೇಗೂ ಬಂದಿದ್ದಿ, ನೀನೇ ಕೊಡು ಮಾರಾಯ್ತಿ," ಎಂದೆ.

ಅವಳು ಸಿರಿಂಜನ್ನು ಎತ್ತಿ ನೋಡಿದಳು. ಬಚ್ಚಲಿಗೆ ಹೋಗಿ ಒಳಗಿದ್ದದ್ದನ್ನೆಲ್ಲ ಚೆಲ್ಲಿ ಬಂದಳು.

"ನೀವು ತುಂಬಿಸಿದ್ದು ಬೇಡಕ್ಕ," ಎಂದಳು.

ಮುಖದಲ್ಲಿ ಸಿಟ್ಟಿರಲಿಲ್ಲ. ಸಿರಿಂಜನ್ನು ಮತ್ತೆ ಕುದಿಸಿ, ಹೊಸ ಆಂಪೂಲಿನ ಹೆಸರನ್ನು ನಾನು ಕಲಿಸಿದ ಹಾಗೆಯೇ ಗಟ್ಟಿಯಾಗಿ ಓದಿ, ಒಡೆದು ತುಂಬಿಸಿದಳು. ಹಾಗಾದರೆ ಆ ದಿನವೇ ಅವಳಿಗೆ ಗೊತ್ತಿತ್ತೇ? ಗೊತ್ತಿದ್ದೂ ನೀರು ಕೊಟ್ಟಳೇ? ಬರೀ ನೀರಿಗೆ ಅಪ್ಪ ಮಲಗಿದ್ದು ಹೇಗೆ? ಚುಚ್ಚಿದ ಮೇಲೆ ಅವಳು ನನ್ನ ಎಡಪಾದದ ಮೇಲೆ ಅಂಗೈ ಇಟ್ಟಳು. ಬೇಡ ಎಂದು ಕಾಲು ಎಳೆದುಕೊಳ್ಳಬೇಕಿತ್ತು. ಎಳೆದುಕೊಳ್ಳಲಿಲ್ಲ. ಉರಿ ಇಳಿಯುತ್ತಿತ್ತು.

"ಬರ್ತೇನಕ್ಕ" ಎಂದು ಹೊರಟಳು. ನಾನು ಕಿಟಕಿಯಿಂದ ಅವಳ ಕಾಲನ್ನೇ ನೋಡುತ್ತಿದ್ದೆ. ಗೇಟಿನವರೆಗೆ ಸರಿಯಾಗಿಯೇ ನಡೆದಳು. ಗೇಟು ದಾಟಿದ ಮೇಲೆ ಬಗ್ಗಿ ಎಡಗಾಲಿನ ಚಪ್ಪಲಿ ತೆಗೆದು ಕೈಯಲ್ಲಿ ಹಿಡಿದುಕೊಂಡಳು. ಪಟ್ಟಿ ಕಿತ್ತುಹೋಗಿತ್ತೋ ಏನೋ. ಕೂಗಿ ಕೇಳಬಹುದಿತ್ತು. ಕೇಳಲಿಲ್ಲ.